ಗುರುವಾರದ ಓದು

ಕಿಟ್ವೆ ಊರಿನ ತಾಮ್ರದ ಗಣಿ ಕಂಪನಿಯ ಲೈಬ್ರರಿಗೆ ಮುಖ್ಯಸ್ಥೆಯಾಗಿ ನಾನು ಬಂದಾಗ ನನಗೆ ಇಪ್ಪತ್ತೊಂಬತ್ತು. ಮುಖ್ಯಸ್ಥೆ ಅನ್ನುವುದು ಬಾಗಿಲ ಮೇಲಿನ ಹಲಗೆಗೆ ಮಾತ್ರ. ನನ್ನ ಕೈಕೆಳಗೆ ಇದ್ದವರು ಒಬ್ಬರೇ, ಲಿಸ್ವಾನಿಸೊ. ಅವರಿಗೆ ಐವತ್ತಾರು ದಾಟಿತ್ತು. ಅವರ ಬುಡಕಟ್ಟಾದ ಲೋಜಿ ಜನ ಹಿರಿಯರನ್ನು ‘ನ್ದಾತೆ’ ಎಂದು ಕರೆಯುತ್ತಾರೆ, ಅಪ್ಪಾ ಎಂದ ಹಾಗೆ. ಆಫೀಸಿನಲ್ಲಿ ಬೆಂಬಾ ಮಾತಾಡುವವರೂ ಅವರನ್ನು ನ್ದಾತೆ ಎಂದೇ ಕರೆಯುತ್ತಿದ್ದರು.

ನಾನು ಟೋಂಗಾ ಬುಡಕಟ್ಟಿನವಳು. ನಮಗೂ ಲೋಜಿಗಳಿಗೂ ಹಿಂದಿನಿಂದ ಬೀಗರ ಸಲಿಗೆ. ಏನಂದರೂ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ಮೊದಲ ದಿನವೇ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯೋ ದೇವ್ರೇ, ಟೋಂಗಾ ಹುಡುಗೀನ ತಂದು ನನ್ನ ಮೇಲೆ ಕೂರಿಸಿದ್ರಾ? ಇನ್ನು ಪುಸ್ತಕ ಬಿಟ್ಟು ದನ ಎಣಿಸ್ಬೇಕು ನಾನು" ಎಂದರು.

"ಎಣಿಸಿ ನ್ದಾತೆ. ನಿಮ್ಮ ತಾತ ನಮ್ಮ ತಾತನ ಕೊಟ್ಟಿಗೆಯಿಂದ ಎಷ್ಟು ಹೊಡ್ಕೊಂಡು ಹೋದ್ರು ಅಂತ ಗೊತ್ತಾಗ್ಲಿ."

"ಹೊಡ್ಕೊಂಡು ಹೋದದ್ದಲ್ಲಮ್ಮ, ಕಾಪಾಡಿದ್ದು. ನೀವು ಹಾಲು ಹುಳಿ ಬರಿಸ್ಕೊಂಡು ಕುಡಿತಾ ಕೂತ್ರೆ ದನ ನೋಡ್ಕೊಳ್ಳೋರು ಯಾರು?"

ಹೀಗೆ ನಮ್ಮ ದಿನ ಶುರುವಾಗುತ್ತಿತ್ತು. ಅವರ ಜೊತೆ ನನಗೆ ಜಗಳವೇ ಇರಲಿಲ್ಲ. ಇದ್ದಿದ್ದರೆ ಆಮೇಲೆ ನಡೆದದ್ದನ್ನು ಒಪ್ಪಿಕೊಳ್ಳುವುದು ನನಗೆ ಸುಲಭವಾಗುತ್ತಿತ್ತೋ ಏನೋ.

ಲೈಬ್ರರಿ ಆಡಳಿತ ಕಟ್ಟಡದ ನೆಲಮಹಡಿಯಲ್ಲಿತ್ತು. ಗಣಿಯ ಹಳೆಯ ನಕ್ಷೆಗಳು, ಕೊರೆದ ಬಾವಿಗಳ ವರದಿಗಳು, ಯಂತ್ರಗಳ ಕೈಪಿಡಿಗಳು, ಎಂಟು ಹತ್ತು ಪತ್ರಿಕೆಗಳು. ಬರುವವರು ಕಡಿಮೆ. ಬೆಳಿಗ್ಗೆ ಒಂಬತ್ತಕ್ಕೆ ನ್ದಾತೆ ಒಂದು ಖಾಕಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರೆ ಬರುವುದು ಹನ್ನೆರಡಕ್ಕೆ. ಬಂದಾಗ ಅವರ ಅಂಗಿಗೆ ಟೀ ಮತ್ತು ಗ್ರೀಸಿನ ವಾಸನೆ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರೆ, "ಹಿಂಗೇ ಒಂದು ಸುತ್ತು" ಎನ್ನುತ್ತಿದ್ದರು. ಮೂವತ್ತು ವರ್ಷ ಕೆಲಸ ಮಾಡಿದವರು, ಸ್ನೇಹಿತರ ಜೊತೆ ಹರಟೆ ಹೊಡೆದು ಬರುತ್ತಾರೆ ಎಂದುಕೊಂಡೆ. ಇನ್ನೊಂದು ಪ್ರಶ್ನೆ ಕೇಳಬಹುದಿತ್ತು. ಕೇಳಲಿಲ್ಲ.

ಮರುವರ್ಷ ಗಣಿ ಕೈ ಬದಲಾಯಿತು. ಹೊಸ ಯಜಮಾನರು ಒಂದೊಂದು ವಿಭಾಗವನ್ನೂ ತೂಗಿ ನೋಡತೊಡಗಿದರು. ಆಡಳಿತ ನೋಡಿಕೊಳ್ಳುತ್ತಿದ್ದ ಸಿಲುಂಗ್ವೆ ಒಂದು ದಿನ ಲೈಬ್ರರಿಗೆ ಬಂದು, ಕೂರದೆ, ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದರು.

"ಈ ಗೋಡೆ ತೆಗೆದ್ರೆ ಒಳ್ಳೆ ಮೀಟಿಂಗ್ ಹಾಲ್ ಆಗುತ್ತೆ. ದಿನಕ್ಕೆ ಎಷ್ಟು ಜನ ಬರ್ತಾರೆ ಇಲ್ಲಿಗೆ?"

"ಆರು, ಏಳು ಸರ್."

"ಏಳು ಜನಕ್ಕೆ ನೀವಿಬ್ರು! ಮನೇಲಿ ಮಗುವಿಗೂ ಇಷ್ಟು ಉಪಚಾರ ಇರಲ್ಲ. ಆರು ತಿಂಗಳು ಕೊಡ್ತೀನಿ ಮುತಿಂತಾ. ಜನ ಬರೋ ಹಾಗೆ ಮಾಡಿ. ಇಲ್ಲಾಂದ್ರೆ ನನ್ನನ್ನ ಬೈಕೋಬೇಡಿ."

ನನಗೆ ಹೆದರಿಕೆಯಾಗಲಿಲ್ಲ, ಹುರುಪು ಬಂತು. ಲುಸಾಕಾದಲ್ಲಿ ಓದುವಾಗ ಇದರದೇ ಒಂದು ಪಾಠವಿತ್ತು: ಬಿಡುವಿಲ್ಲದ ಜನಕ್ಕೆ ಲೈಬ್ರರಿಯನ್ನು ಹೇಗೆ ಪರಿಚಯಿಸಬೇಕು, ಹೇಗೆ ಸೆಳೆಯಬೇಕು. ಆ ಪಾಠದಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಅಂಕ ಬಂದಿತ್ತು. ಆ ವಾರವೇ ಪೋಸ್ಟರ್ ಬರೆಸಿದೆ: ‘ನಿಮಗೆ ಹೊತ್ತಿಲ್ಲ, ನಮಗಿದೆ. ಕೇಳಿ, ಹುಡುಕಿಕೊಡುತ್ತೇವೆ.’ ಕ್ಯಾಂಟೀನು, ಗಣಿಗೆ ಇಳಿಯುವ ಶಾಫ್ಟಿನ ಬಾಗಿಲು, ಸ್ನಾನದ ಮನೆಯ ಗೋಡೆ, ಎಲ್ಲ ಕಡೆ ಅಂಟಿಸಿದೆ. ದಿನಾ ಬೆಳಿಗ್ಗೆ ಎಲ್ಲ ಅಧಿಕಾರಿಗಳಿಗೂ ‘ಐದು ನಿಮಿಷ’ ಎಂಬ ಹೆಸರಿನ ಇಮೇಲ್ ಕಳಿಸಿದೆ. ತಾಮ್ರದ ಬೆಲೆ, ಹೊಸ ಪತ್ರಿಕೆಯಲ್ಲಿ ಏನಿದೆ, ಯಾವ ವರದಿ ಬಂದಿದೆ ಎಂಬ ವಿವರ. ಭೂಗರ್ಭ ವಿಭಾಗದ ಒಬ್ಬ ಎಂಜಿನಿಯರು ಮೆಟ್ಟಿಲಲ್ಲಿ ಸಿಕ್ಕಾಗ ಹೇಗಿದೆ ಎಂದು ಕೇಳಿದೆ.

"ಮೇಡಂ, ನಾನು ಹಲ್ಲುಜ್ಜೋ ಹೊತ್ತಿಗೆ ನಲವತ್ತು ಇಮೇಲ್ ಬಂದಿರುತ್ತೆ. ನಿಮ್ಮದು ನಲವತ್ತೊಂದನೇದು. ಚೆನ್ನಾಗೇ ಇರುತ್ತೆ, ಓದಿಲ್ಲ" ಎಂದು ನಕ್ಕು ಹತ್ತಿ ಹೋದರು.

ಆದರೂ ಬಿಡಲಿಲ್ಲ. ಜೂನಿನಲ್ಲಿ ‘ಲೈಬ್ರರಿ ವಾರ’ ಮಾಡಿದೆ. ಕ್ಯಾಂಟೀನಿನ ಹೆಂಗಸರಿಂದ ವಿಟುಂಬುವಾ ಎಂಬ ಸಿಹಿ ಬೋಂಡಾ ಕರಿಸಿದೆ, ಬಿಸಿಬಿಸಿ, ಎರಡು ದೊಡ್ಡ ಟಬ್ಬು ತುಂಬ. ಚೀಟಿ ಎತ್ತಿ ಒಂದು ಛತ್ರಿ ಬಹುಮಾನ. ಜನ ಬಂದರು ನೋಡಿ! ಸಾಲು ವರಾಂಡದವರೆಗೂ ಹೋಯಿತು. ಬಾಗಿಲಲ್ಲಿ ಒಂದು ಪುಸ್ತಕ ಇಟ್ಟು ಪ್ರತಿಯೊಬ್ಬರ ಹೆಸರು ಬರೆಸಿಕೊಂಡೆ. ನ್ದಾತೆ ಒಂದು ಮೂಲೆಯಲ್ಲಿ ನಿಂತು ವಿಟುಂಬುವಾ ತಿನ್ನುತ್ತಾ, "ನಮ್ಮೂರಲ್ಲಿ ಮದುವೆಗೂ ಇಷ್ಟು ಜನ ಬರಲ್ಲ. ಹುಡುಗಿ ಎಲ್ಲಿ ಅಂತ ಮಾತ್ರ ಯಾರೂ ಕೇಳ್ತಿಲ್ಲ" ಎಂದರು.

"ಕೇಳ್ತಾರೆ ನ್ದಾತೆ. ಮೊದ್ಲು ಬಾಗಿಲು ದಾಟಿ ಬರ್ಲಿ."

"ಬಾಗಿಲು ದಾಟೋ ಹೊತ್ತಿದ್ದಿದ್ರೆ ಅವ್ರು ಆಗ್ಲೇ ಬರ್ತಿದ್ರಲ್ಲಮ್ಮ."

ಅದೇ ವಾರದ ಕೊನೆಯಲ್ಲಿ ನಾನು ಹೊಸ ನಿಯಮ ತಂದೆ. ಯಾರಿಗೆ ಏನು ಬೇಕಿದ್ದರೂ ಒಂದು ಫಾರಂ ತುಂಬಬೇಕು. ತುಂಬಿದರೆ ಲೆಕ್ಕಕ್ಕೆ ಬರುತ್ತದೆ, ಲೆಕ್ಕಕ್ಕೆ ಬಂದರೆ ಸಿಲುಂಗ್ವೆಗೆ ತೋರಿಸಬಹುದು. ಜನ ಬಂದಾಗ ಕೌಂಟರಿನಲ್ಲಿ ಯಾರಾದರೂ ಇರಬೇಕಲ್ಲ? ಹಾಗಾಗಿ ನ್ದಾತೆ ಬೆಳಗಿನ ಸುತ್ತು ನಿಲ್ಲಿಸಬೇಕು ಎಂದೆ.

ಅವರು ಚೀಲವನ್ನು ಹೆಗಲಿನಿಂದ ಇಳಿಸಿ ಮೇಜಿನ ಮೇಲಿಟ್ಟರು. ಆವತ್ತು ಅವರು ದನದ ಮಾತು ಎತ್ತಲಿಲ್ಲ.

"ಮೇಡಂ, ಭೂಮಿಯೊಳಗಿಂದ ಮೇಲೆ ಬಂದೋನಿಗೆ ನೀರು ಬೇಕು, ಸೋಪು ಬೇಕು. ಫಾರಂ ಬೇಡ. ಅವ್ರು ಇಲ್ಲಿಗೆ ಬರಲ್ಲ."

"ಅಭ್ಯಾಸ ಆಗುತ್ತೆ ನ್ದಾತೆ."

"ಒಂದು ಗುರುವಾರ ಆದ್ರೂ ಬಿಡಿ ನನ್ನನ್ನ."

"ಯಾಕೆ, ಗುರುವಾರ ಏನಿದೆ?"

ಅವರು ಚೀಲದ ಬಾಯಿ ಮುಚ್ಚುತ್ತಾ, "ಏನಿಲ್ಲ, ಒಬ್ಬ ಸ್ನೇಹಿತ" ಎಂದರು.

ಕೆಲಸದ ಹೊತ್ತಿನಲ್ಲಿ ಸ್ನೇಹಿತರೇ ಎಂದುಕೊಂಡೆ. ಆಗಲ್ಲ ಎಂದೆ.

ಅದಾಗಿ ಹದಿನೈದು ದಿನಕ್ಕೆ ನಾಲ್ಕನೇ ಶಾಫ್ಟಿನ ಪಂಪುಮನೆಯ ಮೇಸ್ತ್ರಿ ಚಿಬೇಸಾ ಲೈಬ್ರರಿಗೆ ಬಂದರು. ಭಾರಿ ಆಳು. ಗಣಿಯ ತಳದಲ್ಲಿ ನೀರು ಏರದಂತೆ ಇಪ್ಪತ್ತು ವರ್ಷದಿಂದ ನೋಡಿಕೊಂಡವರು. ಬೂಟು ಒದ್ದೆಯಾಗಿತ್ತು, ಒಳಗೆ ಬರಲು ಹಿಂಜರಿದು ಹೊಸ್ತಿಲಲ್ಲೇ ನಿಂತರು. ನ್ದಾತೆ ಆವತ್ತು ರಜೆಯಲ್ಲಿದ್ದರು.

"ನ್ದಾತೆ ಇಲ್ವಾ?"

"ನಾನಿದೀನಲ್ಲ, ಏನು ಬೇಕು ಹೇಳಿ."

"ಹೊಸ ಪಂಪಿನ ಪುಸ್ತಕ ಬಂದಿದೆಯಂತೆ."

"ಬಂದಿದೆ. ಇದನ್ನ ತುಂಬಿಕೊಡಿ, ಈಗ್ಲೇ ತೆಗೆದುಕೊಡ್ತೀನಿ." ನಾನು ಫಾರಂ, ಪೆನ್ನು ಮುಂದಿಟ್ಟೆ.

ಅವರು ಫಾರಂ ಕೈಗೆತ್ತಿಕೊಂಡು ದೂರ ಹಿಡಿದು ನೋಡಿದರು. "ಕನ್ನಡಕ ಬಿಟ್ಟು ಬಂದಿದೀನಿ ಮೇಡಂ."

"ಪರವಾಗಿಲ್ಲ, ತಗೊಂಡು ಹೋಗಿ. ನಾಳೆ ತುಂಬಿ ತನ್ನಿ."

ಅದನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ಹೋದರು. ಮತ್ತೆ ಬರಲಿಲ್ಲ. ಎರಡು ಸಾಲು ಬರೆಯುವುದಕ್ಕೂ ಸೋಮಾರಿತನ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ. ನಾನು ಹೆಸರು ಕೇಳಿ ನಾನೇ ತುಂಬಿಕೊಂಡಿದ್ದರೆ ಒಂದು ನಿಮಿಷದ ಕೆಲಸ.

ಆರು ತಿಂಗಳು ಮುಗಿದಾಗ ಸಿಲುಂಗ್ವೆ ಕರೆದರು. ಗೋಡೆ ಉಳಿಯುತ್ತದೆ, ಆದರೆ ಇಬ್ಬರಲ್ಲಿ ಒಬ್ಬರೇ ಎಂದರು. "ಯಾರು ಏನು ಮಾಡ್ತಾರೆ ಅಂತ ಒಂದು ಪುಟ ಬರೆದುಕೊಡಿ. ನಾನು ತೀರ್ಮಾನ ಮಾಡ್ತೀನಿ. ನಿಮ್ಮ ತಲೆ ಮೇಲೆ ಬರಲ್ಲ."

ನಾನು ಬರೆದೆ. ಒಂದು ಸುಳ್ಳನ್ನೂ ಬರೆಯಲಿಲ್ಲ. ಫಾರಂ ಮೂಲಕ ನಾನು ಪೂರೈಸಿದ ಕೋರಿಕೆ ಇನ್ನೂರ ಹನ್ನೆರಡು, ಲಿಸ್ವಾನಿಸೊ ಅವರದು ಒಂಬತ್ತು. ಅಷ್ಟೇ. ಅವರ ಬಗ್ಗೆ ಒಳ್ಳೆಯ ಮಾತು ಒಂದು ಸಾಲು ಸೇರಿಸಬೇಕು ಎನ್ನಿಸಿ ‘ಸಮಯಪಾಲನೆ ಇದೆ, ಎಲ್ಲರಿಗೂ ಬೇಕಾದವರು’ ಎಂದು ಬರೆದೆ. ಅದು ಅವರಿಗೆ ಸಹಾಯ ಮಾಡುವುದಿಲ್ಲ ಎಂದು ಬರೆಯುವಾಗಲೇ ಗೊತ್ತಿತ್ತು.

ಅವಧಿಗೆ ಮುಂಚಿನ ನಿವೃತ್ತಿ ಎಂದು ಆದೇಶ ಬಂತು. ನ್ದಾತೆ ಯಾರನ್ನೂ ಬೈಯಲಿಲ್ಲ. ಕೊನೆಯ ದಿನ ತಮ್ಮ ಟೀ ಲೋಟ, ಒಂದು ಸ್ವೆಟರು, ಖಾಕಿ ಚೀಲ ತೆಗೆದುಕೊಂಡರು. "ನಮ್ಮೂರು ಸೆನಾಂಗಾಕ್ಕೆ ಹೋಗ್ತೀನಿ. ಹೊಳೆ ಇದೆ, ಮೀನಿದೆ. ನಿನ್ನ ಹಾಗೆ ಒಣ ಬೆಟ್ಟದಲ್ಲಿ ಹುಟ್ಟಿದ ದುರದೃಷ್ಟ ನನಗಿಲ್ಲ" ಎಂದು ನನ್ನ ಕೈ ಕುಲುಕಿದರು. ನಾನೂ ನಕ್ಕೆ. ಮನಸ್ಸು ಹಗುರವಾಯಿತು ಎಂದೇ ಹೇಳಬೇಕು.

ಆ ಹಗುರ ಮೂರು ವಾರ ಇತ್ತು. ಆಮೇಲೆ ಫೋನು ಬರತೊಡಗಿತು. ಮೊದಲು ಅದಿರು ಪರೀಕ್ಷೆ ಮಾಡುವ ಪ್ರಯೋಗಾಲಯದಿಂದ ಮ್ವಾಪೆ ಎಂಬ ಹೆಂಗಸು.

"ಏನ್ರೀ, ನ್ದಾತೆ ಎಲ್ಲಿ? ಸೋಮವಾರ ಸೋಮವಾರ ನನಗೆ ಬೇಕಾದ ಪುಟ ಗುರುತು ಹಾಕಿ ತಂದುಕೊಡ್ತಿದ್ರು. ಜೂನಿಂದ ಕಾಣೆ. ಹುಷಾರಿಲ್ಲವೇನೋ ಅಂದ್ಕೊಂಡಿದ್ದೆ."

"ನಿವೃತ್ತಿ ಆದ್ರು. ನಿಮಗೆ ಯಾವ ವಿಷಯ ಬೇಕು ಹೇಳಿ, ನಾನು..."

"ವಿಷಯ ನನಗೇನು ಗೊತ್ತು ತಾಯಿ? ಏನು ಹೊಸದು ಬಂದಿದೆ ಅಂತ ಗೊತ್ತಿದ್ರೆ ನಾನೇ ಕೇಳ್ತಿದ್ನಲ್ಲ. ಅದನ್ನ ನೋಡಿಕೊಳ್ತಿದ್ದದ್ದೇ ಅವರು."

ಆಮೇಲೆ ಗಣಿಯೊಳಕ್ಕೆ ಗಾಳಿ ಹಾಯಿಸುವ ಗಾಳಿ ವಿಭಾಗ. ಆಮೇಲೆ ನಕ್ಷೆ ಕೋಣೆ. ಮೆಟ್ಟಿಲ ಮೇಲೆ ನಕ್ಕು ಹೋಗಿದ್ದ ಅದೇ ಎಂಜಿನಿಯರು ಕೂಡ. ‘ಐದು ನಿಮಿಷ’ ಓದದವರೆಲ್ಲ ನ್ದಾತೆ ಚೀಲದಿಂದ ತೆಗೆದು ಕೈಗಿಟ್ಟದ್ದನ್ನು ಟೀ ಕುಡಿಯುತ್ತಾ ಓದುತ್ತಿದ್ದರು. ನ್ದಾತೆ ಹಾಗೆ ತಂದುಕೊಡುವುದು ಲೈಬ್ರರಿಯ ಕೆಲಸ ಎಂದು ಓದುವವರಿಗೂ ಹೊಳೆದಿರಲಿಲ್ಲ, ನನಗೂ. ಲೈಬ್ರರಿಯ ಬಗ್ಗೆ ಇಡೀ ಗಣಿಗೆ ಪ್ರಚಾರ ಮಾಡಬೇಕೆಂದು ನಾನು ಗೋಡೆಗೋಡೆಗೂ ಪೋಸ್ಟರ್ ಅಂಟಿಸುತ್ತಿದ್ದಾಗ, ಅದನ್ನು ಮೂವತ್ತು ವರ್ಷದಿಂದ ನಡೆದು ಮಾಡುತ್ತಿದ್ದವರನ್ನು ಕುರ್ಚಿಗೆ ಕಟ್ಟಿಹಾಕಿದ್ದೆ.

ನಾನೂ ಒಂದು ಚೀಲ ತಗೊಂಡು ಹೊರಟೆ. ಯಾರಿಗೆ ಏನು ಕೊಡಬೇಕೋ ತಿಳಿಯದೆ ಎಲ್ಲರಿಗೂ ಎಲ್ಲ ಕೊಟ್ಟೆ. ಒಂದು ವಾರದಲ್ಲಿ ಜನ ನನ್ನನ್ನು ಕಂಡರೆ ಫೋನು ಕಿವಿಗಿಟ್ಟುಕೊಳ್ಳತೊಡಗಿದರು.

ಕೊನೆಗೆ ಸಿಬ್ಬಂದಿ ವಿಭಾಗದಿಂದ ನ್ದಾತೆಯ ಮಗನ ಮೊಬೈಲ್ ನಂಬರು ಹುಡುಕಿ ಫೋನು ಮಾಡಿದೆ. ಅವರೂರಲ್ಲಿ ಗುಡ್ಡದಂಥ ಒಂದು ಹುತ್ತದ ಮೇಲೆ ಹತ್ತಿ ನಿಂತರೆ ಮಾತ್ರ ಸಿಗ್ನಲ್ ಸಿಗುತ್ತದಂತೆ. ಅರ್ಧ ಗಂಟೆ ಬಿಟ್ಟು ಮಾಡಿ ಎಂದ ಮಗ. ಮಾಡಿದೆ.

"ಯಾರದು? ದನ ಕಾಯೋಳಾ?"

ಸಂಗತಿ ಹೇಳಿದೆ. ಯಾರಿಗೆ ಏನು ಬೇಕು ದಯವಿಟ್ಟು ಹೇಳಿ ಎಂದು ಬೇಡಿಕೊಂಡೆ. ಅವರು ಒಂದು ಕಾಗದವನ್ನೂ ನೋಡದೆ ಒಂದು ಗಂಟೆ ಹೇಳಿದರು, ನಾನು ಬರೆದುಕೊಂಡೆ.

"ಮ್ವಾಪೆಗೆ ಕೋಷ್ಟಕ ಇರೋ ಪುಟ ಮಾತ್ರ. ಮೇಜಿನ ಮೇಲೆ ಇಡಬೇಡ, ಆಸಿಡ್ ಚೆಲ್ಲುತ್ತೆ, ಸ್ಟೂಲಿನ ಮೇಲಿಡು. ಗಾಳಿ ವಿಭಾಗದೋರು ಟೀ ಕುಡಿಯೋವರೆಗೆ ಮಾತಾಡಿಸ್ಬೇಡ, ಕಚ್ಚಿಬಿಡ್ತಾರೆ. ಭೂಗರ್ಭದ ಆ ಎಂಜಿನಿಯರ್ ಹುಡುಗನಿಗೆ ಒಂದೇ ಒಂದು ಕೊಡು. ಎರಡು ಕೊಟ್ರೆ ಎರಡನ್ನೂ ಓದಲ್ಲ. ಒಂದು ಕೊಟ್ರೆ ಇನ್ನೊಂದು ಕೇಳ್ಕೊಂಡು ಬರ್ತಾನೆ."

"ಗುರುವಾರ?"

ಹುತ್ತದ ಮೇಲೆ ಗಾಳಿ ಬೀಸುವುದು ಕೇಳಿಸಿತು.

"ಗುರುವಾರ ಚಿಬೇಸಾ. ಅವನಿಗೆ ಕೊಡಬೇಡ, ಓದು. ಪಂಪಿನ ಪುಸ್ತಕ, ಸುರಕ್ಷತೆ ಸುತ್ತೋಲೆ, ಎಲ್ಲ. ಬೆಂಬಾದಲ್ಲಿ ಹೇಳು. ಒಂದ್ಸಲ ಕೇಳಿದ್ರೆ ಅವನಿಗೆ ಕಲ್ಲಿನ ಮೇಲೆ ಕೆತ್ತಿದ ಹಾಗೆ. ಬೇರೆಯೋರ ಮುಂದೆ ಮಾತ್ರ ಬೇಡ. ಹದಿನೆಂಟು ವರ್ಷ ಆಯ್ತು, ಅವನ ಹೆಂಡತಿಗೂ ಗೊತ್ತಿಲ್ಲ. ನಿನಗೆ ಹೇಳ್ತಾ ಇರೋದು ಯಾಕೇಂದ್ರೆ ಹೊಸ ಪಂಪು ಬಂದಿದೆ."

ಒದ್ದೆ ಬೂಟಿನಲ್ಲಿ ಹೊಸ್ತಿಲಲ್ಲಿ ನಿಂತಿದ್ದವರು, ಮಡಚಿದ ಫಾರಂ. ಕನ್ನಡಕ ಬಿಟ್ಟು ಬಂದಿದೀನಿ ಎಂದದ್ದು ಯಾಕೆಂದು ಈಗ ತಿಳಿಯಿತು.

"ನ್ದಾತೆ, ನಾನು ಒಂದು ಮಾತು ಹೇಳ್ಬೇಕು. ನಿಮ್ಮ ವಿಷಯ ಸಿಲುಂಗ್ವೆಯವರಿಗೆ ಆ ಕಾಗದ..."

"ಗೊತ್ತು ನನಗೆ. ಅದನ್ನ ಮಹಡಿಗೆ ತಗೊಂಡು ಹೋದೋನು ನಾನೇ ಅಲ್ವಾ? ಲಕೋಟೆ ಅಂಟಿಸಿರಲಿಲ್ಲ ನೀನು."

ನಾನು ಪೆನ್ನು ಕೆಳಗಿಟ್ಟೆ.

"ನೀನು ಒಂಬತ್ತು ಅಂತ ಬರೆದಿದ್ದೆ. ಎಂಟೇ ಇದ್ದದ್ದು. ಒಂದು ಜಾಸ್ತಿ ಹಾಕಿದ್ದೆ ಪಾಪ" ಎಂದರು. ಅದು ಹಾಸ್ಯವೋ ಅಲ್ಲವೋ ನನಗೆ ಈವತ್ತಿಗೂ ಗೊತ್ತಿಲ್ಲ. ಅಷ್ಟರಲ್ಲಿ ಕರೆ ಕಡಿದುಹೋಯಿತು. ಮತ್ತೆ ಮಾಡಲು ಧೈರ್ಯವಾಗಲಿಲ್ಲ.

ಆ ಗುರುವಾರವೇ ನಾಲ್ಕನೇ ಶಾಫ್ಟಿಗೆ ಹೋದೆ. ಚಿಬೇಸಾ ಅಲ್ಲಿರಲಿಲ್ಲ. ಹೊಸ ಪಂಪು ನಡೆಸುವವರಿಗೆಲ್ಲ ಲಿಖಿತ ಪರೀಕ್ಷೆ ಇಟ್ಟಿದ್ದರಂತೆ. ಅವರು ಬರೆಯಲು ಕೂರಲೇ ಇಲ್ಲವಂತೆ, ತಲೆನೋವು ಎಂದು ಎದ್ದು ಹೋದರಂತೆ. ಎರಡನೇ ಸಲವೂ ಹಾಗೆಯೇ. ಅವರನ್ನು ದೀಪದ ಕೋಣೆಗೆ ಹಾಕಿದ್ದರು, ಗಣಿಗೆ ಇಳಿಯುವವರಿಗೆ ತಲೆದೀಪ ಕೊಟ್ಟು ತೆಗೆದುಕೊಳ್ಳುವ ಕೆಲಸಕ್ಕೆ.

ಪಾಳಿ ಇಳಿದ ಮೇಲೆ, ಯಾರೂ ಇಲ್ಲದ ಹೊತ್ತು ನೋಡಿ ದೀಪದ ಕೋಣೆಯ ಕಿಟಕಿಗೆ ಹೋದೆ. ಪಂಪಿನ ಪುಸ್ತಕ ನನ್ನ ಚೀಲದಲ್ಲಿತ್ತು.

"ಮೇಸ್ತ್ರಿ, ಬಿಡುವಿದ್ರೆ ನಾವು ಕೂತು ಓದೋಣ. ಪರೀಕ್ಷೆ ಬಾಯಲ್ಲಿ ತಗೊಳ್ಳಿ ಅಂತ ಸಿಲುಂಗ್ವೆಯವರನ್ನ ನಾನು ಕೇಳ್ತೀನಿ."

ಅವರು ಕೈಯಲ್ಲಿದ್ದ ದೀಪವನ್ನು ಗೂಟಕ್ಕೆ ಹಾಕಿದರು. ತಿರುಗಿ ನೋಡಿದಾಗ ಮುಖ ಬಿಗಿದಿತ್ತು.

"ಓದೋಕೆ ನನಗೆ ಬರಲ್ಲ ಅಂತ ಯಾರು ಹೇಳಿದ್ರು ಮೇಡಂ?"

"ಹಾಗಲ್ಲ, ನಾನು..."

"ನ್ದಾತೆ ಹೇಳಿದ್ರಾ?"

ಇಲ್ಲ ಎಂದೆ. ಆದರೆ ತಡವಾಗಿ ಎಂದೆ. ಎಷ್ಟು ತಡ? ಒಂದು ಉಸಿರಿನಷ್ಟು. ಅವರಿಗೆ ಅಷ್ಟು ಸಾಕಾಯಿತು.

"ಹದಿನೆಂಟು ವರ್ಷ" ಎಂದು ತಮಗೇ ಹೇಳಿಕೊಂಡರು. ಆಮೇಲೆ ಎರಡೂ ಕೈ ಸೇರಿಸಿ ಮೆಲ್ಲಗೆ ತಟ್ಟಿ, ದೊಡ್ಡವರಿಗೆ ವಂದಿಸುವ ಹಾಗೆ ನನಗೆ ವಂದಿಸಿದರು. "ಹೋಗ್ಬನ್ನಿ ಮಯೋ. ನನಗೆ ಇಲ್ಲಿ ಕೆಲಸ ಚೆನ್ನಾಗಿದೆ. ನೀರಿಲ್ಲ, ಬೂಟು ಒಣಗಿರುತ್ತೆ."

ಮಯೋ ಎಂದರೆ ತಾಯಿ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು ಹಾಗೆ ಕರೆದು ಕಿಟಕಿ ಮುಚ್ಚಿದರು.

ಬಾಯಿಮಾತಿನ ಪರೀಕ್ಷೆಗೆ ನಾನು ಅರ್ಜಿ ಹಾಕಿದೆ. ಯಾರಿಗಾಗಿ ಎಂದು ಸಿಲುಂಗ್ವೆ ಕೇಳಿದರು. ಹೆಸರು ಹೇಳಿದರೆ ಗುಟ್ಟು ಇನ್ನೊಬ್ಬರಿಗೆ ಗೊತ್ತಾಗುತ್ತದೆ, ಹೇಳದಿದ್ದರೆ ಅರ್ಜಿ ನಿಲ್ಲುವುದಿಲ್ಲ. ಹೇಳಲಿಲ್ಲ. ಅರ್ಜಿ ಬಿದ್ದುಹೋಯಿತು. ಅದು ಸರಿಯೋ ತಪ್ಪೋ, ಆ ವರ್ಷ ನಾನು ಮಾಡಿದ್ದರಲ್ಲಿ ಅದೊಂದೇ ನನಗೆ ಇನ್ನೂ ತೀರ್ಮಾನವಾಗದ್ದು. ಮಿಕ್ಕದ್ದೆಲ್ಲ ತೀರ್ಮಾನವಾಗಿದೆ.

ಪಟ್ಟಿ ಹಿಡಿದು ಸುತ್ತು ಹಾಕುವುದನ್ನು ಮಾತ್ರ ನಾನು ಬಿಡಲಿಲ್ಲ. ಮ್ವಾಪೆಯ ಸ್ಟೂಲು, ಗಾಳಿ ವಿಭಾಗದ ಟೀ, ಭೂಗರ್ಭದವನಿಗೆ ಒಂದೇ ಒಂದು. ಜನ ಮತ್ತೆ ನನ್ನ ಕಡೆ ತಿರುಗಿದರು. ಒಳ್ಳೆಯ ಕೆಲಸ ಎಂದು ಸಿಲುಂಗ್ವೆ ಹೊಗಳಿದ ದಿನ ನಾನು, "ಇದು ನನ್ನದಲ್ಲ ಸರ್, ಲಿಸ್ವಾನಿಸೊ ಅವರದು" ಎಂದೆ. "ಹೌದಾ? ಮೊದಲೇ ಹೇಳಿದ್ರೆ ಚೆನ್ನಾಗಿತ್ತು" ಎಂದರು, ಕಾಗದದಿಂದ ತಲೆಯೆತ್ತದೆ.

ಮರುವರ್ಷ ಮಾರ್ಚಿನಲ್ಲಿ ಒಂದು ದಿನ ದೀಪದ ಕೋಣೆಯ ಮುಂದೆ ಹಾದುಹೋಗುವಾಗ ಚಿಬೇಸಾ ತಾವಾಗಿ ಕರೆದರು.

"ನ್ದಾತೆಗೆ ಫೋನು ಮಾಡ್ತೀರಾ ನೀವು? ಮಾಡಿದ್ರೆ ಹೇಳಿ, ನನಗೆ ಸಿಟ್ಟಿಲ್ಲ ಅಂತ."

ಆ ಸಂಜೆಯೇ ಮಾಡಿದೆ. ಹುತ್ತ ಹತ್ತಲು ನ್ದಾತೆಗೆ ಆಗ ಹೊತ್ತು ಹಿಡಿಯುತ್ತಿತ್ತು, ಏದುಸಿರು ಬಿಡುತ್ತಿದ್ದರು. ಹೊಳೆ ಬಯಲಿಗೆ ಬಂದಿದೆ, ಮನೆಯ ಮುಂದೆ ದೋಣಿ ಕಟ್ಟಿದ್ದೇವೆ ಎಂದರು. ಚಿಬೇಸಾ ಹೇಳಿದ್ದನ್ನು ಹೇಳಿದೆ.

"ಸಿಟ್ಟಿಲ್ಲ ಅಂದ್ನಾ?"

"ಹೌದು ನ್ದಾತೆ."

"ಹಾಗಾದ್ರೆ ಇದೆ. ನೀರು ಇಳೀಲಿ. ನಾನೇ ಬರ್ತೀನಿ."

ಯಾವಾಗ ಬರುತ್ತೀರಿ, ಎಲ್ಲಿ ಇಳಿಯುತ್ತೀರಿ, ನಮ್ಮ ಮನೆಗೇ ಬನ್ನಿ ಎಂದು ನಾನು ಒಂದೇ ಸಮನೆ ಕೇಳಿದೆ. "ನೋಡೋಣ ಮೇಡಂ" ಎಂದರು. ಫೋನಿನಲ್ಲಿ ಅವರು ನನ್ನನ್ನು ಮೇಡಂ ಎಂದದ್ದು ಅದೇ ಮೊದಲು.

ಆಗಸ್ಟಿನಲ್ಲಿ ಬಂದರು. ನನಗೆ ಗೊತ್ತಾದದ್ದು ಅವರು ಹಿಂತಿರುಗಿದ ಮೇಲೆ, ಮ್ವಾಪೆಯ ಬಾಯಿಂದ. ಎರಡು ದಿನ ಬಸ್ಸಿನಲ್ಲಿ ಕೂತು ಬಂದಿದ್ದರಂತೆ, ಒಣಮೀನಿನ ದೊಡ್ಡ ಗಂಟು ಹೊತ್ತು. ಚಿಬೇಸಾ ಮನೆಯಲ್ಲಿ ನಾಲ್ಕು ದಿನ ಇದ್ದರು. ಮೊದಲ ದಿನ ಇಬ್ಬರೂ ಮಾತಾಡಲಿಲ್ಲವಂತೆ. ಎರಡನೇ ದಿನ ಮಾವಿನ ಮರದಡಿ ಮುಂಕೋಯೊ ಎಂಬ ಮೆಕ್ಕೆಜೋಳದ ಹುಳಿಪಾನಕ ಕುಡಿಯುತ್ತಾ ಕೂತವರು, ಹೊತ್ತು ಮುಳುಗಿದರೂ ಏಳಲಿಲ್ಲವಂತೆ. ಮ್ವಾಪೆ ಹೋಗಿ ನೋಡಿಕೊಂಡು ಬಂದಿದ್ದಳು. ಭೂಗರ್ಭದವನೂ ಹೋಗಿದ್ದನಂತೆ.

"ನನ್ನ ಬಗ್ಗೆ ಕೇಳಿದ್ರಾ?" ಎಂದೆ.

ಮ್ವಾಪೆ ಕೈಯಲ್ಲಿದ್ದ ಪುಟಗಳನ್ನು ಸ್ಟೂಲಿನ ಮೇಲೆ ಸರಿಮಾಡಿ ಜೋಡಿಸಿದಳು. "ಕೇಳಿದ್ರು ಕೇಳಿದ್ರು. ಕಾಲು ನೋವು, ಆಫೀಸಿನ ಕಡೆ ಬರೋಕೆ ಆಗ್ಲಿಲ್ಲ ಅಂದ್ರು."

ಚಿಬೇಸಾ ಅವರ ಮನೆ ಇರುವುದು ಗಣಿಯ ದೊಡ್ಡ ಬಾಗಿಲಿನ ಎದುರಿಗೆ, ರಸ್ತೆಯಾಚೆ, ಮೂರನೇ ಸಾಲಿನಲ್ಲಿ.